ಮರಿಲಿನ್ ಬರ್ನ್ಸ್: ಗರಗಸದ ಸದ್ದಿನಲ್ಲಿ ಮರೆಯಾದ ಕಲಾವಿದೆ

[ಪರದೆಯ ಮೇಲೆ: ಟೆಕ್ಸಾಸ್‌ನ ಬಿರುಬಿಸಿಲು, ಒಣಹುಲ್ಲಿನ ಬಯಲು, ಒಂಟಿ ಮನೆ]

ನಮಸ್ಕಾರ. 2014ರ ಆಗಸ್ಟ್ 5ರಂದು ಅಮೆರಿಕದ ಹ್ಯೂಸ್ಟನ್ ನಗರದ ತಮ್ಮ ಮನೆಯಲ್ಲಿ ನಟಿ ಮರಿಲಿನ್ ಬರ್ನ್ಸ್ ತೀರಿಕೊಂಡರು. ಅವರಿಗೆ 65 ವರ್ಷವಾಗಿತ್ತು. ಹೆಸರು ಕೇಳಿದರೆ ಅನೇಕರಿಗೆ ಗುರುತು ಹತ್ತಲಿಕ್ಕಿಲ್ಲ. ಆದರೆ 1974ರಲ್ಲಿ ತೆರೆಕಂಡ ‘ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ ನೋಡಿದವರಿಗೆ ಅವರ ಮುಖ ಮರೆತುಹೋಗಿರುವುದು ಸಾಧ್ಯವಿಲ್ಲ. ನಿಷ್ಠಾವಂತ ಅಭಿಮಾನಿಗಳ ಬಳಗವಿರುವ ಈ ಕಲ್ಟ್ ಭಯಾನಕ ಚಿತ್ರದ ಮಾತು ಬಂದಾಗಲೆಲ್ಲ ನಿರ್ದೇಶಕ ಟೋಬಿ ಹೂಪರ್ ಮತ್ತು ಚರ್ಮದ ಮುಖವಾಡ ತೊಟ್ಟು ಗರಗಸ ಹಿಡಿದ ಗುನ್ನಾರ್ ಹ್ಯಾನ್ಸನ್ ಅವರನ್ನೇ ಮೊದಲು ನೆನೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಆ ಚಿತ್ರದ ಭಯವನ್ನು ಗರಗಸಕ್ಕಿಂತ ಹೆಚ್ಚಾಗಿ ಹೊತ್ತು ನಿಂತಿರುವುದು, ನರಭಕ್ಷಕ ಕುಟುಂಬವೊಂದರ ಕೈಗೆ ಸಿಕ್ಕಿಬೀಳುವ ಯುವತಿ ಸ್ಯಾಲಿಯ ಪಾತ್ರ ಮಾಡಿದ ಬರ್ನ್ಸ್ ಅವರ ಕಣ್ಣು ಮತ್ತು ಕಂಠ.

ಅವರು ಹುಟ್ಟಿದ್ದು 1949ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ; ಬೆಳೆದದ್ದು ಹ್ಯೂಸ್ಟನ್‌ನಲ್ಲಿ. ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ನಾಟಕ ಕಲಿತು 1971ರಲ್ಲಿ ಪದವಿ ಪಡೆದರು. ಹೂಪರ್ ಅವರ ಚಿತ್ರದಲ್ಲಿ ಕೆಲಸ ಮಾಡಿದವರಲ್ಲಿ ಬಹುಪಾಲು ಇಂತಹ ಸ್ಥಳೀಯರೇ.

[ಪರದೆಯ ಮೇಲೆ: ಊಟದ ಮೇಜಿನ ದೃಶ್ಯದ ಸ್ಥಿರಚಿತ್ರ]

ಚಿತ್ರೀಕರಣ ನಡೆದದ್ದು 1973ರ ಬೇಸಿಗೆಯಲ್ಲಿ, ರೌಂಡ್ ರಾಕ್ ಎಂಬ ಊರಿನ ಬಳಿಯ ಹಳೆಯ ಮನೆಯೊಂದರಲ್ಲಿ. ಸ್ಯಾಲಿಯನ್ನು ಕುರ್ಚಿಗೆ ಕಟ್ಟಿ ಕೂರಿಸುವ ಊಟದ ದೃಶ್ಯವನ್ನು ಒಂದು ಹಗಲು ಒಂದು ರಾತ್ರಿಗಿಂತಲೂ ಹೆಚ್ಚು ಕಾಲ ಎಡೆಬಿಡದೆ ಚಿತ್ರೀಕರಿಸಿದರು. ಆ ಕುಟುಂಬದ ಅಜ್ಜನ ಪಾತ್ರ ಮಾಡುತ್ತಿದ್ದ ಯುವಕನಿಗೆ ಮೇಕಪ್ ಹಾಕಲು ಗಂಟೆಗಟ್ಟಲೆ ಹಿಡಿಯುತ್ತಿದ್ದುದರಿಂದ, ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಬೇಕಾಯಿತು. ಬೆಳಕು ಒಳಬರದಂತೆ ಕಿಟಕಿಗಳನ್ನು ಮುಚ್ಚಿದ್ದ ಆ ಕೋಣೆಯಲ್ಲಿ ದೀಪಗಳ ಕಾವು, ಮೇಜಿನ ಮೇಲೆ ಕೊಳೆಯುತ್ತಿದ್ದ ಮಾಂಸ, ಅಲಂಕಾರಕ್ಕೆಂದು ತಂದಿಟ್ಟ ಪ್ರಾಣಿಗಳ ಮೂಳೆಗಳು ಎಲ್ಲ ಸೇರಿ ಉಸಿರಾಡುವುದೇ ಕಷ್ಟವಾಗಿತ್ತು. ಸ್ಯಾಲಿಯ ಬೆರಳು ಕೊಯ್ಯುವಾಗ ಚಾಕುವಿನ ಹಿಂದಿನ ಕೊಳವೆಯಿಂದ ಕೃತಕ ರಕ್ತ ಬರಬೇಕಿತ್ತು. ಅದು ಮತ್ತೆ ಮತ್ತೆ ಕೈಕೊಟ್ಟಿದ್ದರಿಂದ ತಾಳ್ಮೆಗೆಟ್ಟ ಹ್ಯಾನ್ಸನ್, ಬರ್ನ್ಸ್ ಅವರ ಬೆರಳನ್ನೇ ನಿಜವಾಗಿ ಕೊಯ್ದುಬಿಟ್ಟರು. ಇದನ್ನು ಚಿತ್ರರಂಗದ ಸ್ವಾರಸ್ಯಕರ ಕಥೆ ಎಂಬಂತೆ ಹೇಳುವವರಿದ್ದಾರೆ. ನಟಿಯ ಒಪ್ಪಿಗೆ ಕೇಳದೆ ಮಾಡಿದ ಗಾಯದಲ್ಲಿ ನನಗೆ ಯಾವ ಸ್ವಾರಸ್ಯವೂ ಕಾಣುವುದಿಲ್ಲ.

ಆ ನೋವು ಎಷ್ಟೇ ನಿಜವಾಗಿದ್ದರೂ ತೆರೆಯ ಮೇಲೆ ಕಾಣುವುದೆಲ್ಲ ಬರೀ ನೋವಲ್ಲ ಎಂಬುದನ್ನು ಗಮನಿಸಬೇಕು. ಸ್ಯಾಲಿಯ ಕೂಗು ಆರಂಭದಲ್ಲಿ ಸಹಾಯಕ್ಕಾಗಿ ಮೊರೆಯಿಡುವ ಕೂಗಾಗಿರುತ್ತದೆ, ಆಮೇಲೆ ಅಂಗಲಾಚುವಿಕೆಯಾಗುತ್ತದೆ, ಮೇಜಿನ ಮುಂದೆ ಮಾತೇ ಕಳೆದುಹೋದ ಚೀತ್ಕಾರವಾಗುತ್ತದೆ, ಕೊನೆಗೆ ಪಿಕಪ್ ಟ್ರಕ್ಕಿನ ಹಿಂಭಾಗದಲ್ಲಿ ರಕ್ತಸಿಕ್ತಳಾಗಿ ಪಾರಾಗುವಾಗ ಅಳುವೋ ನಗುವೋ ತಿಳಿಯದ ಸ್ಥಿತಿಗೆ ಬಂದು ಮುಟ್ಟುತ್ತದೆ. ಇಷ್ಟು ಮೆಟ್ಟಿಲುಗಳನ್ನು ಕಂಠದಲ್ಲೇ ಕಟ್ಟಬೇಕಾದರೆ ರಂಗಭೂಮಿಯ ಪಳಗಿದ ಶಿಸ್ತು ಬೇಕು. ಛಾಯಾಗ್ರಾಹಕ ಡೇನಿಯಲ್ ಪರ್ಲ್ ಅವರ ಕ್ಯಾಮೆರಾ ಕಣ್ಣಾಲಿಯ ನರಗಳು ಕಾಣುವಷ್ಟು ಹತ್ತಿರ ಹೋದಾಗಲೂ ಆ ಕಣ್ಣಿನಲ್ಲಿ ನಟನೆಯ ಗುರುತು ಸಿಗುವುದಿಲ್ಲ. ತೆರೆಯ ಮೇಲೆ ರಕ್ತ ಬಹಳ ಕಡಿಮೆ ಇರುವ ಈ ಚಿತ್ರವನ್ನು ಅತಿ ಕ್ರೂರವೆಂದು ಜನ ನೆನಪಿಟ್ಟುಕೊಂಡಿರುವುದಕ್ಕೆ ಈ ಮುಖವೇ ಮುಖ್ಯ ಕಾರಣ. ಬ್ರಿಟನ್ನಿನ ಸೆನ್ಸಾರ್ ಮಂಡಳಿ 1999ರವರೆಗೆ ಅದಕ್ಕೆ ಪ್ರಮಾಣಪತ್ರ ಕೊಟ್ಟಿರಲಿಲ್ಲ.

ಚಿತ್ರ ಅಮೆರಿಕದಲ್ಲಿ 3 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ವಿತರಕರ ಲೆಕ್ಕಾಚಾರದಲ್ಲಿ ಕಲಾವಿದರ ಕೈಗೆ ಬಂದದ್ದು ಪುಡಿಗಾಸು.

[ಪರದೆಯ ಮೇಲೆ: ಎಪ್ಪತ್ತರ ದಶಕದ ಟಿವಿ ಸೆಟ್]

ಬರ್ನ್ಸ್ 1976ರಲ್ಲಿ ಹೂಪರ್ ಅವರದೇ ‘ಈಟನ್ ಅಲೈವ್’ನಲ್ಲಿ ನಟಿಸಿದರು. ಬಳಿಕ ಅವಕಾಶಗಳು ವಿರಳವಾದವು. ಭಯಾನಕ ಚಿತ್ರಗಳಲ್ಲಿ ಕೊನೆಗೆ ಉಳಿಯುವ ಹುಡುಗಿಯ ಬಗ್ಗೆ ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರಲ್ಲಿ ಬರೆದ ಮೇಲೆ ಸ್ಯಾಲಿ ಪಾತ್ರ ಅಧ್ಯಯನದ ವಸ್ತುವಾಯಿತು. 2013ರಲ್ಲಿ ಅದೇ ಸರಣಿಯ ಹೊಸ ಚಿತ್ರದಲ್ಲಿ ಬರ್ನ್ಸ್ ಚಿಕ್ಕ ಪಾತ್ರವೊಂದರಲ್ಲಿ ಕಾಣಿಸಿಕೊಂಡರು. ಕಾಪಿಟ್ಟುಕೊಳ್ಳಬೇಕಾದ ಮಹತ್ವದ ಚಿತ್ರಗಳ ಪಟ್ಟಿಯಾದ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಮೂಲ ಚಿತ್ರ ಸೇರಿದ್ದು 2024ರಲ್ಲಿ, ಅವರು ತೀರಿಕೊಂಡು ಹತ್ತು ವರ್ಷಗಳಾದ ಮೇಲೆ.

ಅವರನ್ನು ಕಿರುಚಾಟಕ್ಕಷ್ಟೇ ಸೀಮಿತಗೊಳಿಸುವವರು 1976ರ ‘ಹೆಲ್ಟರ್ ಸ್ಕೆಲ್ಟರ್’ ಎಂಬ ಟಿವಿ ಚಿತ್ರವನ್ನು ಹುಡುಕಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. 1969ರಲ್ಲಿ ಅಮೆರಿಕವನ್ನು ಬೆಚ್ಚಿಬೀಳಿಸಿದ ಕೊಲೆಗಳನ್ನು ಮಾಡಿದ ಚಾರ್ಲ್ಸ್ ಮ್ಯಾನ್ಸನ್‌ನ ಅನುಯಾಯಿಗಳ ಗುಂಪಿನ ಮೇಲಿನ ಮೊಕದ್ದಮೆಯಲ್ಲಿ ಮುಖ್ಯ ಸಾಕ್ಷಿಯಾಗಿದ್ದ ಲಿಂಡಾ ಕಸಾಬಿಯನ್ ಪಾತ್ರವನ್ನು ಅದರಲ್ಲಿ ಬರ್ನ್ಸ್ ಮಾಡಿದ್ದಾರೆ. ಕಣ್ಣಾರೆ ಕಂಡದ್ದನ್ನು ನ್ಯಾಯಾಲಯದಲ್ಲಿ ಹೇಳಬೇಕಾದ ಹೆಣ್ಣಿನ ಪಾತ್ರ ಅದು.