ಚಾಂಗಿ ಜೈಲಿನ ಕೌದಿ

ನಮಸ್ಕಾರ. ಒಲೆ ಮೇಲೆ ಹಾಲಿಟ್ಟು ರೇಡಿಯೋ ಹಾಕಿದ್ದರೆ ಮೊದಲು ಉರಿ ಸಣ್ಣ ಮಾಡಿ ಬನ್ನಿ, ಆಮೇಲೆ ನನ್ನನ್ನು ಬೈಯಬೇಡಿ.

ಇವತ್ತು ಕೌದಿಯ ಮಾತು. ನಮ್ಮಜ್ಜಿ ಹಳೇ ಸೀರೆ, ಹರಿದ ಧೋತರ, ಏನೂ ಬಿಸಾಡುತ್ತಿರಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದರು. ಅದೇ ತರಹದ ಕೌದಿಯನ್ನು ಜೈಲಿನೊಳಗೆ ಕೂತು ಹೊಲಿದ ಹೆಂಗಸರ ಕಥೆ ಇದು.

1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನಿನ ಕೈಗೆ ಹೋಯಿತು. ಸೈನಿಕರು ಸೆರೆ ಸಿಕ್ಕಿದ್ದು ಸರಿ, ಬಂದೂಕನ್ನೇ ಮುಟ್ಟದ ಯುರೋಪಿಯನ್ ಡಾಕ್ಟರು, ನರ್ಸು, ಮೇಷ್ಟ್ರು, ಗುಮಾಸ್ತರು, ಅವರ ಹೆಂಡಿರು ಮಕ್ಕಳು, ಎಲ್ಲರನ್ನೂ ಬಿಸಿಲಲ್ಲಿ ನಡೆಸಿಕೊಂಡು ಹೋಗಿ ಚಾಂಗಿ ಜೈಲಿಗೆ ತುಂಬಿದರು. 600 ಕೈದಿಗಳಿಗೆ ಅಂತ ಕಟ್ಟಿದ ಜೈಲು ಅದು. ಒಳಗೆ ಹೋದವರು ಎರಡು ಸಾವಿರಕ್ಕೂ ಜಾಸ್ತಿ, ಅದರಲ್ಲಿ ಹೆಂಗಸರು ಮಕ್ಕಳೇ ಸುಮಾರು 400. ಒಬ್ಬರಿಗೆ ಮಾಡಿದ ಕೋಣೆ, ನಡುವೆ ಒಂದು ಕಾಂಕ್ರೀಟ್ ಕಟ್ಟೆ. ಅದೇ ಮಂಚ. ಒಬ್ಬರು ಕಟ್ಟೆ ಮೇಲೆ, ಇನ್ನಿಬ್ಬರು ಅದರ ಆಚೆ ಈಚೆ ನೆಲದಲ್ಲಿ.

ಗಂಡಸರನ್ನು ಗೋಡೆಯ ಆ ಕಡೆ ಹಾಕಿದ್ದರು. ಸೈನಿಕರಾಗಿದ್ದ ಗಂಡಂದಿರು ಇನ್ನೂ ದೂರ, ಚಾಂಗಿಯ ಬ್ಯಾರಕ್ಕುಗಳಲ್ಲಿ. ಬದುಕಿದ್ದಾರೋ ಇಲ್ಲವೋ, ಕಾಗದ ಬರೆಯೋಣ ಎಂದರೆ ಅಪ್ಪಣೆ ಇಲ್ಲ.

ಆಗ ಎಥೆಲ್ ಮುಲ್ವಾನಿ ಎಂಬ ಕೆನಡಾದ ಹೆಂಗಸಿಗೆ ಒಂದು ಉಪಾಯ ಹೊಳೆಯಿತು. ಆಸ್ಪತ್ರೆಯಲ್ಲಿರುವ ಗಾಯಾಳುಗಳಿಗೆ ಕೌದಿ ಹೊಲಿದುಕೊಡುತ್ತೇವೆ ಅಂತ ಕೇಳಿದರೆ ಜಪಾನಿನವರು ಬೇಡ ಅನ್ನಲಾರರು, ಅಲ್ವಾ? ಬ್ರಿಟಿಷರಿಗೊಂದು, ಆಸ್ಟ್ರೇಲಿಯಾದವರಿಗೊಂದು, ಜೊತೆಗೆ ಜಪಾನಿನ ಗಾಯಾಳುಗಳಿಗೂ ಒಂದು. ಆ ಮೂರನೆಯದೇ ಜಾಣತನ. ಒಪ್ಪಿಗೆ ಸಿಕ್ಕಿತು.

ಒಬ್ಬೊಬ್ಬರ ಕೈಗೂ ಒಂದೊಂದು ಬಿಳಿ ಬಟ್ಟೆಯ ಚೌಕ. ನಿನ್ನದು ಅನ್ನುವಂಥದ್ದು ಏನಾದರೂ ಅದರ ಮೇಲೆ ಕಸೂತಿ ಹಾಕು, ಕೆಳಗೆ ಹೆಸರು ಹೊಲಿ, ಅಷ್ಟೇ. ಒಂದೊಂದು ಕೌದಿಗೆ 66 ಚೌಕ. ಒಬ್ಬಳು ಹೂವು ಹಾಕಿದಳು, ಇನ್ನೊಬ್ಬಳು ಊರಿನ ಮನೆ, ಮತ್ತೊಬ್ಬಳು ತಾನು ಮಲಗುವ ಕೋಣೆಯನ್ನೇ, ಕಟ್ಟೆ ಸಮೇತ. ಕಾವಲುಗಾರರ ಕಣ್ಣಿಗೆ ಅದು ಸುಮ್ನೆ ಹೆಂಗಸರ ಕೈಕೆಲಸ. ಆಸ್ಪತ್ರೆಯಲ್ಲಿ ಅದನ್ನು ಬಿಡಿಸಿ ನೋಡಿದವರಿಗೆ ಮಾತ್ರ ಅದು ಹೆಸರುಗಳ ಪಟ್ಟಿ. ತನ್ನ ಹೆಂಡತಿಯ ಹೆಸರು ಆಕೆಯದೇ ಹೊಲಿಗೆಯಲ್ಲಿ ಕಂಡರೆ ಸಾಕು, ಬದುಕಿದ್ದಾಳೆ.

ಅದೇ ಜೈಲಿನ ಸುಮಾರು 20 ಹುಡುಗಿಯರು ಇನ್ನೊಂದು ಕೌದಿ ಹೊಲಿದರು. ಅವರಿಗೆ ಗೈಡ್ಸ್ ಪಾಠ ಹೇಳಿಕೊಡುತ್ತಿದ್ದ ಎಲಿಜಬೆತ್ ಎನ್ನಿಸ್ ಎಂಬ ನರ್ಸಿನ ಹುಟ್ಟುಹಬ್ಬಕ್ಕೆ, ಆಕೆಗೇ ಗೊತ್ತಾಗದ ಹಾಗೆ. ಆರು ಮೂಲೆಯ ಸಣ್ಣ ಸಣ್ಣ ತುಂಡು ಜೋಡಿಸಿ ಹೂವಿನ ಆಕಾರ. ದಾರಕ್ಕೆ ಏನು ಮಾಡೋದು? ಹಳೇ ಬಟ್ಟೆಯ ಹೊಲಿಗೆ ಬಿಚ್ಚಿ, ಎಳೆ ಎಳೆಯಾಗಿ ತೆಗೆದು, ಅದನ್ನೇ ಸೂಜಿಗೆ ಪೋಣಿಸೋದು. ಹೊಲಿಗೆ ಬಿಚ್ಚುವಾಗ ದಾರ ಎಷ್ಟು ಬೇಗ ತುಂಡಾಗುತ್ತದೆ ಅಂತ ಬಿಚ್ಚಿದವರಿಗೇ ಗೊತ್ತು.

ಹಸಿವು ಇದ್ದೇ ಇತ್ತು. ಹೆಂಗಸರು ಕೂತು ಊಟದ ಮಾತಾಡುತ್ತಿದ್ದರು. ನೀವೇನು ಬಡಿಸುತ್ತೀರಿ, ಅದಕ್ಕೆ ಬೆಣ್ಣೆ ಎಷ್ಟು, ಮೊಟ್ಟೆ ಎಷ್ಟು ಅಂತ. ಇದನ್ನೆಲ್ಲ ಮುಲ್ವಾನಿ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಂಡರು. ಯುದ್ಧ ಮುಗಿದ ಮೇಲೆ ಕೆನಡಾದಲ್ಲಿ ಅಚ್ಚು ಹಾಕಿಸಿ ಮಾರಿದರು. ಬಂದ ದುಡ್ಡಲ್ಲಿ ಇಂಗ್ಲೆಂಡಿನ ಆಸ್ಪತ್ರೆಯಲ್ಲಿದ್ದ ಮಾಜಿ ಸೆರೆಯಾಳುಗಳಿಗೆ ಕಿತ್ತಳೆ ಹಣ್ಣು ಹೋಯಿತು.

ಸೈನಿಕರ ಕಡೆಯೂ ಕಡಿಮೆ ಇರಲಿಲ್ಲ. ವಿಟಮಿನ್ ಸಿಗಲಿ ಅಂತ ಹುಲ್ಲು ಅರೆದು ರಸ ಕುಡಿದರು. ರಬ್ಬರ್ ಹಾಲಿನಿಂದ ಚಪ್ಪಲಿ ಮಾಡಿಕೊಂಡರು. ಸ್ಟಾನ್ಲಿ ವಾರನ್ ಎಂಬ ಸೈನಿಕ ಪ್ರಾರ್ಥನೆ ಕೋಣೆಯ ಗೋಡೆಗೆ ಚಿತ್ರ ಬರೆಯುವಾಗ ನೀಲಿ ಬಣ್ಣ ಸಿಗಲಿಲ್ಲ, ಬಿಲಿಯರ್ಡ್ಸ್ ಕೋಲಿನ ತುದಿಗೆ ಉಜ್ಜುವ ಚಾಕ್ ಪುಡಿ ಮಾಡಿ ಕಲಸಿದ.

ಮತ್ತೆ ರೇಡಿಯೋ. ನೀವೀಗ ಆರಾಮಾಗಿ ಕೇಳುತ್ತಿದ್ದೀರಲ್ಲ, ಅಲ್ಲಿ ಅದನ್ನು ಬಚ್ಚಿಟ್ಟು, ಕದ್ದು ಕೇಳಬೇಕಿತ್ತು. 1943ರಲ್ಲಿ ಬಂದರಿನ ಹಡಗುಗಳು ಸ್ಫೋಟವಾದವು. ಅದನ್ನು ಮಾಡಿದ್ದು ಆಸ್ಟ್ರೇಲಿಯಾದಿಂದ ದೋಣಿಯಲ್ಲಿ ಬಂದ ಕಮಾಂಡೋಗಳು, ಜೈಲಿನವರಿಗೆ ಏನೂ ಗೊತ್ತಿಲ್ಲ. ಆದರೂ ಸುದ್ದಿ ಹೋಗಿದ್ದು ಇಲ್ಲಿಂದಲೇ ಅಂತ ಅಕ್ಟೋಬರ್ 10ರಂದು ಜಪಾನಿನ ಮಿಲಿಟರಿ ಪೊಲೀಸರು ನುಗ್ಗಿ ಜೈಲನ್ನೆಲ್ಲ ಜಾಲಾಡಿದರು. 57 ಜನರನ್ನು ಎಳೆದುಕೊಂಡು ಹೋದರು. 15 ಜನ ವಾಪಸ್ ಬರಲಿಲ್ಲ.

ಆಸ್ಪತ್ರೆಗೆ ಅಂತ ಹೊಲಿದ ಆ ಮೂರು ಕೌದಿಗಳು ಈಗಲೂ ಇವೆ. ಎರಡು ಆಸ್ಟ್ರೇಲಿಯಾದ ಯುದ್ಧ ಸ್ಮಾರಕದಲ್ಲಿ, ಒಂದು ಬ್ರಿಟಿಷ್ ರೆಡ್ ಕ್ರಾಸ್ ಬಳಿ. ಹಿಂಭಾಗದಲ್ಲಿ ಆ ಹೆಂಗಸರು ಒಂದು ಒಕ್ಕಣೆ ಹಾಕಿದ್ದಾರೆ. ಗಾಯಾಳುಗಳ ನೋವಿಗೆ ನಮ್ಮ ಸಹಾನುಭೂತಿ, ಯುದ್ಧ ಮುಗಿದ ಮೇಲೆ ಇದನ್ನು ರೆಡ್ ಕ್ರಾಸ್‌ಗೆ ಕೊಡಿ ಅಂತ. ಅದರ ಕೆಳಗೆ, ಅನ್ನಕ್ಕೇ ಪರದಾಡುತ್ತಿದ್ದ ಜೈಲಿನೊಳಗೆ ಕೂತು, ಇನ್ನೊಂದು ಸಾಲು ಸೇರಿಸಿದ್ದಾರೆ: ಈ ಕೌದಿಯನ್ನು ಡ್ರೈ ಕ್ಲೀನ್ ಮಾಡಿಸುವುದು ಒಳ್ಳೆಯದು.