ಎರಡು ಸುತ್ತು ಗರಿ

ಎಲ್ರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದಿದ್ದು ಶಿಡ್ಲಘಟ್ಟದಲ್ಲಿ, ರೇಷ್ಮೆ ನೂಲು ಬಿಚ್ಚೋ ಮನೇಲಿ. ಈಗ ಇರೋದು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ಮನೆ ಬಾಗಿಲು ದಾಟಿ ಹತ್ತು ನಿಮಿಷ ನಡೆದ್ರೆ ವಾರ್ಫ್ ನದಿ. ಇವತ್ತು ಮಾತಾಡೋಕೆ ಬಂದಿರೋದು ಕಿರುಬೆರಳ ಉಗುರಷ್ಟು ಉದ್ದ ಇರೋ ಒಂದು ವಸ್ತುವಿನ ಬಗ್ಗೆ. ಟ್ರೌಟ್ ಮೀನು ಹಿಡಿಯೋಕೆ ಕೈಯಲ್ಲೇ ಕಟ್ಟೋ ಫ್ಲೈ, ಅದ್ರಲ್ಲೂ ಈ ಊರಿನ ಕಡೆಯ ಹಳೇ ಸಾಫ್ಟ್ ಹ್ಯಾಕಲ್ ಫ್ಲೈ, ಅಂದ್ರೆ ಮೆತ್ತನೆ ಗರಿ ಸುತ್ತಿದ್ದು. ಇಲ್ಲಿನವರು ಅದನ್ನ ಸ್ಪೈಡರ್ ಅಂತಾರೆ, ಜೇಡಕ್ಕೂ ಇದಕ್ಕೂ ಸಂಬಂಧ ಇಲ್ಲ, ಗರಿಯ ಎಳೆಗಳು ಕಾಲಿನ ಹಾಗೆ ಸುತ್ತ ಹರಡ್ಕೊಂಡಿರೋದಕ್ಕೆ ಆ ಹೆಸರು.

ಫ್ಲೈ ಅಂದ್ರೆ ಏನು ಅಂತ ಗೊತ್ತಿಲ್ದೋರಿಗೆ ಹೇಳ್ಬೇಕಂದ್ರೆ, ಸಣ್ಣ ಗಾಳಕ್ಕೆ ದಾರ, ಗರಿ ಸುತ್ತಿ ಹುಳದ ಹಾಗೆ ಕಾಣೋ ತರ ಮಾಡೋದು. ಕೆಲವು ನೀರಿನ ಮೇಲೆ ತೇಲ್ತವೆ, ಅವಕ್ಕೆ ಹುಂಜದ ಕುತ್ತಿಗೆಯ ಬಿರುಸು ಗರಿ ಬೇಕು. ನಾನು ಹೇಳ್ತಿರೋದು ನೀರಿನೊಳಗೆ ಇಳಿಯೋದು, ಇದಕ್ಕೆ ಮೆತ್ತಗಿರೋ ಗರಿ. ಯಾಕೆ ಅಂದ್ರೆ ಟ್ರೌಟ್ ಹೊಟ್ಟೆ ತುಂಬಿಸ್ಕೊಳೋದು ಬಹುಪಾಲು ನೀರಿನ ಒಳಗೇ. ಮೇಫ್ಲೈ ಅನ್ನೋ ಹುಳ ಕಲ್ಲಿನ ಸಂದೀಲಿ ತಿಂಗಳಾನುಗಟ್ಲೆ ಮರಿಯಾಗಿ ಬೆಳೆದು, ರೆಕ್ಕೆ ಬರೋ ದಿನ ತಳ ಬಿಟ್ಟು ಮೇಲಕ್ಕೆ ಈಜುತ್ತೆ, ಇನ್ನೇನು ಗಾಳಿ ಸಿಗ್ಬೇಕು ಅನ್ನೋ ಹೊತ್ತಿಗೆ ಹಳೇ ಚರ್ಮ ಒಡೆದು ಹೊರಗೆ ಬರೋಕೆ ಒದ್ದಾಡುತ್ತೆ, ಆಗ ಅದಕ್ಕೆ ಓಡೋಕೂ ಆಗಲ್ಲ ಹಾರೋಕೂ ಆಗಲ್ಲ, ಮೀನಿಗೆ ಗೊತ್ತು ಅದು. ಆ ಒದ್ದಾಟಾನೇ ಈ ಫ್ಲೈ ತೋರಿಸೋದು.

ವಾರ್ಫ್, ನಿಡ್, ಯೂರ್, ಸ್ವೇಲ್, ಇವೆಲ್ಲ ಕಲ್ಲು ಹಾಸಿನ ಮೇಲೆ ಬಿರಬಿರನೆ ಹರಿಯೋ ನದಿಗಳು. ಮೀನಿಗೆ ಯೋಚ್ನೆ ಮಾಡೋಕೆ ಟೈಮೇ ಸಿಗಲ್ಲ, ಕಂಡ ತಕ್ಷಣ ಬಾಯಿ ಹಾಕ್ಬೇಕು. ಹಾಗಾಗಿ ಇಲ್ಲಿನ ಜನ ರೆಕ್ಕೆ, ಬಾಲ, ಮಿನುಗು ಎಲ್ಲಾ ಬಿಟ್ಟು ಜೀವದ ಚಲನೆ ಒಂದನ್ನೇ ಉಳಿಸ್ಕೊಂಡ್ರು. ಸ್ಕಾಟ್ಲೆಂಡಿನ ಸ್ಟೀವರ್ಟ್ ಅನ್ನೋ ಮೀನುಗಾರ 1857ರಲ್ಲೇ ಸ್ಪೈಡರ್‌ಗಳ ಬಗ್ಗೆ ಬರೆದಿದ್ದ, ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಎಸೀಬೇಕು ಅಂತ ಒತ್ತಿ ಹೇಳಿದ್ದ. ಆಮೇಲೆ ಲೀಡ್ಸ್‌ನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದ ಪ್ರಿಟ್ ಅನ್ನೋರು 1885ರಲ್ಲಿ ಈ ಕಡೆಯ ನದಿಗಳ 62 ಫ್ಲೈಗಳನ್ನ ಚಿತ್ರದ ಸಮೇತ ಒಂದು ಕಡೆ ಸೇರಿಸಿದ್ರು. ಅವರು ಆ ಕೆಲಸ ಮಾಡದಿದ್ರೆ ಎಷ್ಟೋ ಕಟ್ಟುಗಳು ಕಟ್ಟಿದೋರ ಜೊತೆಗೇ ಹೋಗಿರ್ತಿದ್ವು. ಹೆಸರುಗಳು ಎಷ್ಟು ಚೆಂದ ನೋಡಿ: ಪಾರ್ಟ್ರಿಜ್ ಅಂಡ್ ಆರೆಂಜ್, ಸ್ನೈಪ್ ಅಂಡ್ ಪರ್ಪಲ್, ವಾಟರ್‌ಹೆನ್ ಬ್ಲೋವ. ಯಾವ ಹಕ್ಕಿ ಗರಿ, ಯಾವ ಬಣ್ಣದ ರೇಷ್ಮೆ, ಹೆಸರಲ್ಲೇ ಅರ್ಧ ರೆಸಿಪಿ ಮುಗೀತು. ಬ್ಲೋವ ಅಂದ್ರೆ ಈ ಕಡೆಯ ಹಳೇ ಮಾತಲ್ಲಿ ಮಳೆ ಮೋಡದ ಬೂದು ನೀಲಿ.

ಪಾರ್ಟ್ರಿಜ್ ಅಂಡ್ ಆರೆಂಜ್ ಕಟ್ಟೋದು ಹೇಳ್ತೀನಿ, ಕಣ್ಮುಂದೆ ತಂದ್ಕೊಳಿ. 14ನೇ ನಂಬರ್ ಗಾಳ, ಅಲ್ಲಾಡದ ಹಾಗೆ ಹಿಡಿದಿಡೋ ವೈಸ್‌ಗೆ ಸಿಗಿಸಿದ್ದೀವಿ. ಕಿತ್ತಳೆ ಬಣ್ಣದ ರೇಷ್ಮೆ ದಾರ ಒಂದು ಗೇಣು ಬಿಚ್ಚಿ ಜೇನುಮೇಣದ ತುಂಡಿನ ಮೇಲೆ ಒಂದ್ಸಲ ಎಳೀಬೇಕು. ನೈಲಾನ್ ಬೇಡ, ರೇಷ್ಮೆಯೇ ಆಗ್ಬೇಕು. ಇಲ್ಲಿ ಪಿಯರ್ಸಾಲ್ ಕಂಪನಿಯ ಗಾಸಮರ್ ಅನ್ನೋ ದಾರದ ಹಳೇ ರೀಲು ಸಿಕ್ರೆ ಬಂಗಾರದ ಹಾಗೆ ಎತ್ತಿಡ್ತಾರೆ. ಗಾಳದ ಕಣ್ಣಿನ ಹಿಂದಿನಿಂದ ಶುರು ಮಾಡಿ, ಸುತ್ತಿಗೆ ಸುತ್ತು ತಾಗೋ ಹಾಗೆ, ಒಂದರ ಮೇಲೊಂದು ಹತ್ತದ ಹಾಗೆ ಹಿಂದಕ್ಕೆ ಹೋಗಿ, ಗಾಳದ ಮೊನೆಯ ನೇರಕ್ಕೆ ಬಂದ್ರೆ ನಿಲ್ಲಿಸ್ಬೇಕು, ಮುಂದೆ ಹೋಗ್ಬಾರ್ದು. ಅಲ್ಲಿಂದ ವಾಪಸ್. ಆಮೇಲೆ ಪಾರ್ಟ್ರಿಜ್, ಅಂದ್ರೆ ನಮ್ಮ ಗೌಜಲಹಕ್ಕಿಯಂಥ ಹಕ್ಕಿ, ಅದರ ಬೆನ್ನಿನ ಕಂದು ಚುಕ್ಕೆಯ ಗರಿ ಒಂದು ತಗೊಂಡು, ಬುಡದ ನಯವಾದ ತುಪ್ಪಳ ಕಿತ್ತು, ಒಂದು ಪಕ್ಕದ ಎಳೆಗಳನ್ನೂ ಕಿತ್ತುಬಿಡಿ, ಉಳಿದ ಪಕ್ಕ ಸಾಕು. ಅದನ್ನ ಕಟ್ಟಿ ಎರಡೇ ಸುತ್ತು, ಹೆಚ್ಚಂದ್ರೆ ಎರಡು. ಎಳೆಗಳು ಗಾಳದ ಬಾಗು ಮುಟ್ಟೋಷ್ಟು ಉದ್ದ ಇರ್ಲಿ. ತಲೆ ಪುಟ್ಟದಾಗಿ ಗಂಟು ಹಾಕಿ ದಾರ ಕತ್ತರಿಸಿದ್ರೆ ಮುಗೀತು.

ಮೊದಲನೇ ವರ್ಷ ನಾನು ಆರು ಸುತ್ತು ಹಾಕ್ತಿದ್ದೆ. ನೋಡೋಕೆ ಗುಂಡಗೆ ತುಂಬ್ಕೊಂಡು ಚೆನ್ನಾಗಿರ್ತಿತ್ತು, ಒಂದು ಇಡೀ ಸೀಸನ್ ಮೀನು ತಿರುಗಿ ನೋಡ್ಲಿಲ್ಲ. ನದಿ ದಡದಲ್ಲಿ ಸಿಕ್ಕ ಒಬ್ಬ ವಯಸ್ಸಾದೋರು ನನ್ನ ಡಬ್ಬಿಯಿಂದ ಒಂದು ತೆಗೆದು, ಮಾತೇ ಆಡ್ದೆ ಚಿಮಟದಲ್ಲಿ ಎಳೆ ಎಳೆಯಾಗಿ ಕೀಳ್ತಾ ಹೋದ್ರು, ಹತ್ತು ಹನ್ನೆರಡು ಎಳೆ ಉಳಿದಾಗ ವಾಪಸ್ ಕೊಟ್ರು. ಅವತ್ತು ರಾತ್ರಿ ಮನೇಲಿ ಸ್ಟೀಲ್ ಲೋಟ ಬೇಡ ಅಂತ ಗಾಜಿನ ಲೋಟದಲ್ಲಿ ನೀರು ತುಂಬಿ ಎರಡನ್ನೂ ದಾರಕ್ಕೆ ಕಟ್ಟಿ ಇಳಿಬಿಟ್ಟು ನೋಡ್ದೆ. ದಪ್ಪಂದು ಒದ್ದೆ ಹತ್ತಿ ಉಂಡೆ ಹಾಗೆ ಸುಮ್ನೆ ನಿಂತಿತ್ತು. ಅವರು ಕಿತ್ತುಕೊಟ್ಟಿದ್ದು, ದಾರ ಸ್ವಲ್ಪ ಅಲ್ಲಾಡಿಸಿದ್ರೆ ಸಾಕು, ಎಳೆಗಳು ಮೈಗೆ ಅಂಟ್ಕೊಂಡು ಮತ್ತೆ ಅರಳಿ, ಮತ್ತೆ ಅಂಟ್ಕೊಂಡು, ಉಸಿರಾಡೋ ಹಾಗೇ. ಇನ್ನೊಂದು ಕಂಡೆ ಅವತ್ತು. ಒಣಗಿದ್ದಾಗ ಕಣ್ಣಿಗೆ ಹೊಡೆಯೋ ಆ ಕಿತ್ತಳೆ, ನೀರು ಕುಡಿದ ಮೇಲೆ ಕೆಂಪು ಕಂದಾಗಿ, ಒಳಗಿಂದ ಬೆಳಕು ಬಂದ ಹಾಗೆ ಮಂಕಾಗಿ ಹೊಳೀತಿತ್ತು. ಬಿಸಿನೀರಿನ ಬಾಣಲೆಯಿಂದ ಗೂಡಿನ ಎಳೆ ಎತ್ತಿ ಚರಕಕ್ಕೆ ಕೊಡ್ತಿದ್ದ ಅಮ್ಮನ ಕೈ ನೆನಪಾಯ್ತು, ಒದ್ದೆ ರೇಷ್ಮೆಗೆ ಬೇರೆಯದೇ ಬಣ್ಣ ಇರುತ್ತೆ ಅಂತ ನಮ್ಮ ಮನೇಲಿ ಎಲ್ರಿಗೂ ಗೊತ್ತಿತ್ತು, ಇಷ್ಟು ದೂರ ಬಂದು ಒಂದು ಗಾಳದ ಮೇಲೆ ಅದನ್ನ ಮತ್ತೆ ನೋಡ್ತೀನಿ ಅಂದ್ಕೊಂಡಿರ್ಲಿಲ್ಲ.

ಬೆಂಗಳೂರಿಂದ ಹಿಮಾಚಲದ ತೀರ್ಥನ್ ನದಿಗೆ ಟ್ರೌಟ್ ಹಿಡಿಯೋಕೆ ಹೋಗೋರು ಇದನ್ನ ಕೇಳ್ತಿದ್ರೆ ಅವರಿಗೊಂದು ಮಾತು. ನಮ್ಮ ಗೌಜಲಹಕ್ಕಿ ಗರಿಗೆ ಕೈ ಹಾಕ್ಬೇಡಿ, 1972ರ ವನ್ಯಜೀವಿ ಕಾಯ್ದೆ ಇದೆ, ಅದೂ ಅಲ್ದೆ ಆ ಹಕ್ಕಿ ಬದುಕಿರ್ಲಿ. ನಾಟಿ ಕೋಳಿ ಹೇಂಟೆಯ ಬೆನ್ನು, ಕುತ್ತಿಗೆ ಹತ್ರ ಚುಕ್ಕೆ ಚುಕ್ಕೆ ಮೆತ್ತನೆ ಗರಿ ಇರುತ್ತೆ, ಅದು ಧಾರಾಳ ಸಾಕು. ಇಲ್ಲೂ ಅಷ್ಟೇ, ಡಾಟರೆಲ್ ಅನ್ನೋ ಹಕ್ಕಿ ಗರಿಯಲ್ಲಿ ಕಟ್ತಿದ್ದ ಹಳೇ ಫ್ಲೈ ಒಂದಿದೆ, ಈಗ ಆ ಹಕ್ಕಿಗೆ ರಕ್ಷಣೆ ಇದೆ, ಬೇರೆ ಗರಿ ಹಾಕ್ತಾರೆ, ಮೀನು ಬರೋದೇನೂ ನಿಂತಿಲ್ಲ.

ನೀರಿಗೆ ಬಿಡೋವಾಗ ಎಳೆದಾಡೋಕೆ ಹೋಗ್ಬೇಡಿ. ಮೇಲಕ್ಕೆ ಅಥವಾ ಅಡ್ಡಕ್ಕೆ ಎಸೆದು ಪ್ರವಾಹದ ಜೊತೆ ಹಾಗೇ ಹರಿಯೋಕೆ ಬಿಡಿ, ಗರಿ ಅಲ್ಲಾಡಿಸೋದು ನದಿಯ ಕೆಲಸ. ದಾರದ ತುದಿ ಒಂದು ಕ್ಷಣ ತಡೆದ ಹಾಗೆ ಕಂಡ್ರೆ ಕೋಲು ಎತ್ತಿ.

ಇಲ್ಲಿ ಟ್ರೌಟ್ ಸೀಸನ್ ಮಾರ್ಚ್ 25ಕ್ಕೆ ಶುರು. ಆ ಚಳಿಯಲ್ಲಿ ಮೊದಲು ಮೇಲೇಳೋದು ಕಪ್ಪು ಆಲಿವ್ ಮೇಫ್ಲೈ, ಅದಕ್ಕೆ ವಾಟರ್‌ಹೆನ್ ಬ್ಲೋವ ಬೇಕು: ಹಳದಿ ರೇಷ್ಮೆ, ಅದರ ಮೇಲೆ ದಾರ ಕಾಣೋಷ್ಟು ತೆಳ್ಳಗೆ ಮೋಲ್ ಅನ್ನೋ ಪ್ರಾಣಿಯ ತುಪ್ಪಳ, ನೀರುಕೋಳಿ ರೆಕ್ಕೆಯ ಒಳಗಿನ ಬೂದು ಗರಿ. ಎಂಟು ಆಗಿವೆ, ಇನ್ನೂ ನಾಲ್ಕು ಇವತ್ತು ರಾತ್ರಿ ಕಟ್ಬೇಕು. ನಮಸ್ಕಾರ.