ಹರಳಿನೊಳಗೆ ಚಾರ್ಜ್ ಎಲ್ಲಿ ಕಳೆದುಹೋಗುತ್ತದೆ?

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಬಿಸಿಲಿಗೂ ನೀರಿಗೂ ಬರವಿಲ್ಲ, ಹಾಗಾದರೆ ಬಿಸಿಲಿನಿಂದಲೇ ನೀರನ್ನು ಒಡೆದು ಹೈಡ್ರೋಜನ್ ತೆಗೆಯಬಹುದಲ್ವಾ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ತೆಗೆಯಬಹುದು. ಉಪ್ಪುನೀರಿನ ತೊಡಕು ಬೇರೆಯೇ ಇದೆ, ಅದನ್ನು ಇವತ್ತು ಬದಿಗಿಡೋಣ. 1972ರಲ್ಲೇ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿಟ್ಟು ಇದನ್ನು ತೋರಿಸಿಕೊಟ್ಟರು.

ಮತ್ತೆ ಇಷ್ಟು ವರ್ಷ ಯಾಕೆ ಬೇಕಾಯಿತು? ಬೆಳಕು ಬಿದ್ದಾಗ ಹರಳಿನೊಳಗೆ ಒಂದು ಎಲೆಕ್ಟ್ರಾನ್ ಮೇಲಕ್ಕೆ ಜಿಗಿಯುತ್ತದೆ, ಅದು ಬಿಟ್ಟುಹೋದ ಖಾಲಿ ಜಾಗವೇ ಹೋಲ್. ಎಲೆಕ್ಟ್ರಾನ್ ಹೈಡ್ರೋಜನ್ ಮಾಡಬೇಕು, ಹೋಲ್ ಆಕ್ಸಿಜನ್ ಮಾಡಬೇಕು. ಈ ಎರಡು ಚಾರ್ಜುಗಳೂ ಮೇಲ್ಮೈಗೆ ತಲುಪಿದರೆ ಮಾತ್ರ ಈ ಕೆಲಸ. ಆದರೆ ಜಾಸ್ತಿ ಪಾಲು ಒಳಗೇ ಮತ್ತೆ ಸೇರಿಕೊಂಡು ಸುಮ್ನೆ ಶಾಖವಾಗಿ ಹೋಗುತ್ತದೆ. ಅದನ್ನು ತಡೆಯಲು ಹೊಸ ಹೊಸ ವಸ್ತು ಹುಡುಕುವುದಷ್ಟೇ ಸಾಲದು, ಪರಮಾಣುಗಳು ಹೇಗೆ ಕೂತಿವೆ ಅಂತ ನೋಡಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಟೈಟಾನಿಯಂ ಡೈಆಕ್ಸೈಡನ್ನೇ ನೋಡಿ. ರುಟೈಲ್, ಅನಟೇಸ್ ಎರಡಕ್ಕೂ ಸೂತ್ರ ಒಂದೇ, ಜೋಡಣೆ ಬೇರೆ. ರುಟೈಲಿನ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನ್ ಮೇಲಕ್ಕೆ ಜಿಗಿಯಲು ಬೇಕಾದ ಕನಿಷ್ಠ ಶಕ್ತಿ, ಸುಮಾರು 3.0 ಎಲೆಕ್ಟ್ರಾನ್ ವೋಲ್ಟ್, ಅನಟೇಸಿನದು 3.2. ಲೆಕ್ಕದಲ್ಲಿ ರುಟೈಲ್ ಹೆಚ್ಚು ಬೆಳಕು ಹೀರಬೇಕು, ಹೀರುತ್ತದೆ ಕೂಡ. ಆದರೂ ಸಾಮಾನ್ಯವಾಗಿ ಚೆನ್ನಾಗಿ ಕೆಲಸ ಮಾಡುವುದು ಅನಟೇಸ್. ಯಾಕೆಂದರೆ ಅಲ್ಲಿ ಮೇಲೇರಿದ ಎಲೆಕ್ಟ್ರಾನಿಗೆ ಹರಳಿನ ಕಂಪನದ ನೆರವಿಲ್ಲದೆ ಕೆಳಗಿಳಿಯಲು ಆಗುವುದಿಲ್ಲ, ಹಾಗಾಗಿ ಅದು ಹೆಚ್ಚು ಹೊತ್ತು ಬದುಕುತ್ತದೆ.

ಈಗ ನಮ್ಮೂರ ಚಿರೆಕಲ್ಲಿಗೆ ಬನ್ನಿ. ಅದರ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡುಗಳು, ಅವುಗಳಲ್ಲಿ ಒಂದು ಹೆಮಟೈಟ್. ಅಗ್ಗ, ವಿಷವಲ್ಲ, ಗ್ಯಾಪ್ ಸುಮಾರು 2.1, ಅಂದರೆ ಕಣ್ಣಿಗೆ ಕಾಣುವ ಬೆಳಕನ್ನೂ ಹೀರುತ್ತದೆ. ಇನ್ನೇನು ಬೇಕು ಅನಿಸುತ್ತದೆ. ಆದರೆ ಹೆಮಟೈಟಿನಲ್ಲಿ ಕಬ್ಬಿಣದ ಪರಮಾಣುಗಳು ಪದರ ಪದರವಾಗಿ ಕೂತಿವೆ. ಎಲೆಕ್ಟ್ರಾನ್ ಒಂದೇ ಪದರದಲ್ಲಿ ಕಬ್ಬಿಣದಿಂದ ಕಬ್ಬಿಣಕ್ಕೆ ಹಾರುತ್ತಾ ಹೋಗುತ್ತದೆ. ಪಕ್ಕದ ಪದರದಲ್ಲಿ ಸ್ಪಿನ್, ಅಂದರೆ ಎಲೆಕ್ಟ್ರಾನಿನ ಪುಟ್ಟ ಕಾಂತದ ದಿಕ್ಕು, ಉಲ್ಟಾ ಇರುವುದರಿಂದ ಅಲ್ಲಿಗೆ ದಾಟುವುದು ಬಹಳ ಕಷ್ಟ. ಪದರದ ಉದ್ದಕ್ಕೆ ವಿದ್ಯುತ್ ಹರಿಯುವುದಕ್ಕೂ ಅಡ್ಡಕ್ಕೆ ಹರಿಯುವುದಕ್ಕೂ ಹತ್ತು ಸಾವಿರ ಪಟ್ಟಿನಷ್ಟು ವ್ಯತ್ಯಾಸ! ಹೋಲ್ ಅಂತೂ ಕೆಲವೇ ನ್ಯಾನೋಮೀಟರ್ ನಡೆದು ಸಾಯುತ್ತದೆ, ಬೆಳಕು ಅದಕ್ಕಿಂತ ಎಷ್ಟೋ ಆಳಕ್ಕೆ ಇಳಿದಿರುತ್ತದೆ. ಅದಕ್ಕೇ ಸಂಶೋಧಕರು ಹೆಮಟೈಟನ್ನು ತೆಳ್ಳಗಿನ ಕಡ್ಡಿಗಳಾಗಿ ಬೆಳೆಸುತ್ತಾರೆ, ಪದರಗಳನ್ನು ತಳದ ಮೇಲೆ ನೆಟ್ಟಗೆ ನಿಲ್ಲಿಸಲು ನೋಡುತ್ತಾರೆ, ತವರ ಅಥವಾ ಟೈಟಾನಿಯಂ ಬೆರೆಸುತ್ತಾರೆ.

ಇನ್ನು ಹರಳಿನ ಮುಖಗಳು. ಸಾಣಿಕಟ್ಟಾ ಉಪ್ಪಿನ ಒಂದು ಹರಳನ್ನು ಅಂಗೈ ಮೇಲಿಟ್ಟುಕೊಂಡು ನೋಡಿ, ಚೌಕ ಮುಖಗಳು ಕಾಣುತ್ತವೆ, ಎಲ್ಲವೂ ಒಂದೇ ಜಾತಿ. ಬೆಳಕಿನಿಂದ ನೀರು ಒಡೆಯುವ ಇನ್ನೊಂದು ವಸ್ತುವಾದ ಸ್ಟ್ರಾನ್ಷಿಯಂ ಟೈಟನೇಟಿನ ಹರಳನ್ನು ಎರಡು ಜಾತಿಯ ಮುಖ ಬರುವಂತೆ ಬೆಳೆಸಬಹುದು. ಆಗ ಎಲೆಕ್ಟ್ರಾನ್ ಒಂದು ಜಾತಿಯ ಮುಖದ ಕಡೆ ಹೋಗುತ್ತದೆ, ಹೋಲ್ ಇನ್ನೊಂದರ ಕಡೆ. ನನಗೆ ತುಂಬಾ ಇಷ್ಟವಾಗುವ ಸಂಗತಿ ಇದು: ಕ್ರಿಯೆಗೆ ನೆರವಾಗುವ ಲೋಹಗಳಾದ ರೋಡಿಯಂ, ಆಮೇಲೆ ಕೋಬಾಲ್ಟಿನ ಲವಣವನ್ನು ನೀರಿನಲ್ಲಿ ಕರಗಿಸಿ ಬೆಳಕು ಬಿಟ್ಟರೆ, ಎಲೆಕ್ಟ್ರಾನ್ ಎಲ್ಲಿ ಹೊರಬರುತ್ತದೋ ಅಲ್ಲೇ ರೋಡಿಯಂ ಕೂರುತ್ತದೆ, ಹೋಲ್ ಬರುವ ಮುಖದಲ್ಲಿ ಕೋಬಾಲ್ಟ್ ಕೂರುತ್ತದೆ, ಯಾರೂ ಜಾಗ ತೋರಿಸಬೇಕಿಲ್ಲ. ಅಲ್ಯೂಮಿನಿಯಂ ಬೆರೆಸಿ ಹರಳಿನ ದೋಷಗಳನ್ನೂ ಕಡಿಮೆ ಮಾಡಿ, ಜಪಾನಿನ ಕಜುನಾರಿ ಡೊಮೆನ್ ಅವರ ತಂಡ 2020ರಲ್ಲಿ 350ರಿಂದ 360 ನ್ಯಾನೋಮೀಟರಿನ ಬೆಳಕಿನಲ್ಲಿ 96 ಶೇಕಡಾದವರೆಗೆ ಕ್ವಾಂಟಮ್ ದಕ್ಷತೆ ಪಡೆಯಿತು, ಅಂದರೆ ಬಿದ್ದ ಬೆಳಕಿನ ಕಣಗಳಲ್ಲಿ ಅಷ್ಟು ಪಾಲು ನೀರು ಒಡೆಯುವ ಕೆಲಸಕ್ಕೆ ಬಂತು. ಚಾರ್ಜ್ ಹೆಚ್ಚುಕಡಿಮೆ ಪೋಲಾಗಲೇ ಇಲ್ಲ.

ಆದರೆ ಅದು ನೇರಳಾತೀತ ಬೆಳಕು, ನಮ್ಮ ಬಿಸಿಲಿನಲ್ಲಿ ಅದರ ಪಾಲು ತೀರಾ ಕಡಿಮೆ. 2021ರಲ್ಲಿ ಇದೇ ವಸ್ತುವಿನ 100 ಚದರ ಮೀಟರ್ ಫಲಕಗಳನ್ನು ಬಯಲಿನಲ್ಲಿಟ್ಟಾಗ ಬಿಸಿಲಿನ ಶಕ್ತಿಯಲ್ಲಿ ಹೈಡ್ರೋಜನ್ ಆಗಿದ್ದು ಹೆಚ್ಚೆಂದರೆ 0.76 ಶೇಕಡಾ. ಇಷ್ಟೇ ಅಚ್ಚುಕಟ್ಟಾದ ಹರಳನ್ನು ಕಾಣುವ ಬೆಳಕು ಹೀರುವ ವಸ್ತುವಿನಲ್ಲಿ ಬೆಳೆಸುವುದು ಈಗ ಬಾಕಿ ಇರುವ ಕೆಲಸ. ಪ್ರಶ್ನೆಗಳಿದ್ದರೆ ಕೇಳಿ.